ಗೆರೆ ಬಿಡುವ ಗರಗಸ

ಬ್ಯಾಂಡ್‌ಸಾದಲ್ಲಿ ದಪ್ಪ ತುಂಡನ್ನು ನಿಲ್ಲಿಸಿ ಹಲಗೆಗಳಾಗಿ ಸೀಳುವಾಗ ಬ್ಲೇಡ್ ಗುರುತು ಬಿಟ್ಟು ಪಕ್ಕಕ್ಕೆ ಎಳೆಯುವುದುಂಟು. ಒಂದು ತುದಿಯಲ್ಲಿ 1 ಇಂಚು ಇದ್ದ ಹಲಗೆ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮುಕ್ಕಾಲು ಇಂಚಾಗಿರುತ್ತದೆ. ತೋಪಡ ಹೊಡೆದು ಸಮ ಮಾಡಹೊರಟರೆ ಒಳ್ಳೆಯ ಮರವೆಲ್ಲ ಹೊಟ್ಟಾಗಿ ಹೋಗುತ್ತದೆ. ಕೈವಾರ ಊರಿನ ಸುತ್ತಿನ ಹೊಲಗಳ ಬದುವಿನಲ್ಲಿ ಬೆಳೆಯುವ ಬೇವು, ಹಲಸು, ಸಿಲ್ವರ್ ಓಕ್‌ಗಳಲ್ಲಿ ನೆಟ್ಟಗಿನ ಭಾಗ ಸಿಗುವುದೇ ಕಡಿಮೆ. ಅಲ್ಲಿ ಕಾಲಿಂಚು ಕಳೆದುಕೊಂಡರೂ ದೊಡ್ಡ ನಷ್ಟ.

ಯಂತ್ರದ ರಚನೆ ಸರಳ. ಮೇಲೊಂದು, ಕೆಳಗೊಂದು ಚಕ್ರ. ಎರಡನ್ನೂ ಬಳಸಿ ಓಡುವ ಉಕ್ಕಿನ ಪಟ್ಟಿ. ಮೇಲಿನ ಚಕ್ರವನ್ನು ಏರಿಸಿದರೆ ಬ್ಲೇಡ್ ಬಿಗಿಯಾಗುತ್ತದೆ, ವಾಲಿಸಿದರೆ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ.

ದುರಸ್ತಿಗೆ ಮೊದಲು ತಪ್ಪಿನ ಸ್ವಭಾವ ತಿಳಿಯಬೇಕು. ಯಾವ ಮರ ಕೊಟ್ಟರೂ ಒಂದೇ ಕಡೆಗೆ ಎಳೆದರೆ ದೋಷ ಹಲ್ಲಿನಲ್ಲಿದೆ ಅಥವಾ ಬ್ಲೇಡ್ ಚಕ್ರದ ಮೇಲೆ ಕೂತಿರುವ ರೀತಿಯಲ್ಲಿದೆ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಬಗ್ಗಿಸಿರುತ್ತಾರೆ. ಬದುವಿನ ಮರದೊಳಗೆ ಹಳೆಯ ಮೊಳೆಯೋ ಬೇಲಿಯ ತಂತಿಯೋ ಹುದುಗಿರುವುದು ಅಪರೂಪವಲ್ಲ. ಅದಕ್ಕೆ ತಾಗಿ ಒಂದು ಪಕ್ಕದ ಹಲ್ಲು ಮೊಂಡಾದರೆ ಚೂಪಾಗಿರುವ ಪಕ್ಕ ಬ್ಲೇಡನ್ನು ತನ್ನತ್ತ ಎಳೆಯುತ್ತದೆ. ಇದಕ್ಕೆ ಹಲ್ಲು ಮಸೆಸುವುದೊಂದೇ ಮದ್ದು. ಉಳಿದ ತಿರುಪುಗಳನ್ನೆಲ್ಲ ತಿರುಗಿಸುತ್ತ ಕೂರುವುದು ವ್ಯರ್ಥ ಶ್ರಮ.

ಹಲಗೆಯ ಎರಡು ಅಂಚೂ ಸರಿಯಿದ್ದು ನಡುವೆ ಹೊಟ್ಟೆ ಬಂದಿದ್ದರೆ ಬ್ಲೇಡ್ ಸಡಿಲವಾಗಿದೆ, ಇಲ್ಲವೇ ಮರವನ್ನು ಅವಸರದಲ್ಲಿ ತಳ್ಳಲಾಗಿದೆ. ಸಣ್ಣ ಹಲ್ಲಿನ ಬ್ಲೇಡಿನಿಂದಲೂ ಹೀಗಾಗುತ್ತದೆ: ಹಲ್ಲಿನ ಸಂದಿಯಲ್ಲಿ ಹೊಟ್ಟು ತುಂಬಿ, ಹೊರಗೆ ಹೋಗಲು ಜಾಗವಿಲ್ಲದೆ ಬ್ಲೇಡ್ ಬಾಗುತ್ತದೆ. ಸೀಳುವ ಕೆಲಸಕ್ಕೆ ಇಂಚಿಗೆ 3 ಅಥವಾ 4 ಹಲ್ಲಿನ ಅಗಲವಾದ ಬ್ಲೇಡ್ ಬೇಕು. ಬ್ಲೇಡನ್ನು ಅತ್ತಿತ್ತ ಅಲುಗದಂತೆ ತಡೆಯುವ ಮೇಲಿನ ಗೈಡು ಮರಕ್ಕಿಂತ ಕಾಲಿಂಚಷ್ಟೇ ಮೇಲಿರಬೇಕು. ಬ್ಲೇಡಿಗೂ ಅದರ ಎರಡು ಪಕ್ಕದ ಗೈಡುಗಳಿಗೂ ನಡುವೆ ಒಂದು ಕಾಗದ ತೂರುವಷ್ಟು ಮಾತ್ರ ಸಂದು ಸಾಕು.

ಇಷ್ಟಾದ ಮೇಲೂ ಸ್ವಲ್ಪ ಎಳೆತ ಉಳಿದರೆ ಅದನ್ನು ಅಳೆಯಬಹುದು. ಬೇಡದ ರೀಪಿನ ಮೇಲೆ ಅಂಚಿಗೆ ಸಮಾನಾಂತರವಾಗಿ ಗೆರೆ ಹಾಕಿ, ಮರವನ್ನು ಒರಗಿಸಿ ತಳ್ಳುವ ಪಟ್ಟಿಯಾದ ಫೆನ್ಸ್ ತೆಗೆದು, ಗೆರೆಯ ಮೇಲೆಯೇ ಕೈಯಿಂದ ನಡೆಸಬೇಕು. ಅರ್ಧಕ್ಕೆ ಬಂದಾಗ ರೀಪನ್ನು ಅಲುಗಾಡಿಸದೆ ಯಂತ್ರ ನಿಲ್ಲಿಸಿದರೆ ಅದು ನಿಂತ ಓರೆಯೇ ಬ್ಲೇಡಿನ ಓರೆ. ಫೆನ್ಸನ್ನು ಅದೇ ಓರೆಗೆ ಕೂಡಿಸಿದರೆ ಕೊಯ್ತ ನೆಟ್ಟಗಾಗುತ್ತದೆ. ಮೇಲಿನ ಚಕ್ರವನ್ನು ಕೊಂಚ ವಾಲಿಸಿ, ಬ್ಲೇಡನ್ನು ಚಕ್ರದ ನಡುಮಧ್ಯಕ್ಕೆ ತಂದರೂ ಓರೆ ಹೋಗುವುದುಂಟು.

ನೀಲಗಿರಿಯ ಕಥೆ ಬೇರೆ. ಈ ಮರಕ್ಕೂ ಈ ಸೀಮೆಗೂ ಹಳೆಯ ನಂಟು: ಟಿಪ್ಪು ಸುಲ್ತಾನ್ ಅದನ್ನು 1790ರ ಸುಮಾರಿಗೆ ನಂದಿಬೆಟ್ಟದ ತೋಟದಲ್ಲಿ ನೆಡಿಸಿದನೆನ್ನುತ್ತಾರೆ, ಅಲ್ಲಿನ ಬೀಜದಿಂದ ಹರಡಿದ ತಳಿಗೆ ‘ಮೈಸೂರು ಗಮ್’ ಎಂದೇ ಹೆಸರು. ನೀಲಗಿರಿ ಬೆಳೆಯುವಾಗ ಹೊರಪದರ ಬಿಗಿದುಕೊಂಡು, ತಿರುಳು ಅದುಮಿಸಿಕೊಂಡಿರುತ್ತದೆ. ಗರಗಸ ಹೊಕ್ಕೊಡನೆ ಆ ಬಿಗಿ ಬಿಚ್ಚಿ ಹಲಗೆ ಹೊರಕ್ಕೆ ಬಾಗುತ್ತದೆ. ಇದು ಬ್ಲೇಡಿನ ತಪ್ಪಲ್ಲ. ದಿಮ್ಮಿಯ ಒಂದೇ ಪಕ್ಕವನ್ನು ಕೊಯ್ಯುತ್ತ ಹೋಗದೆ ತಿರುಗಿಸಿ ತಿರುಗಿಸಿ ಎರಡೂ ಪಕ್ಕದಿಂದ ಸಮವಾಗಿ ತೆಗೆದರೆ ಬಾಗು ಕಡಿಮೆಯಾಗುತ್ತದೆ.

ಸ್ವಿಚ್ಚು ಆರಿಸಿದ ಮೇಲೂ ಚಕ್ರಗಳು ಕೆಲಹೊತ್ತು ತಿರುಗುತ್ತಲೇ ಇರುತ್ತವೆ. ಅವು ಪೂರ್ತಿ ನಿಂತ ಮೇಲೆ, ಮೇನ್ ತೆಗೆದು, ಆಮೇಲಷ್ಟೇ ಹಲ್ಲು ಮುಟ್ಟಿ ನೋಡಬೇಕು.