ವಿಶ್ವನಾಥರ ಮೀಸೆ, ಕಿರ್ಮಾನಿಯ ತಲೆ

"ಗವಾಸ್ಕರ್ ಹತ್ತು ಸಾವಿರದ ಮ್ಯಾಲ ರನ್ ಹೊಡದಾನ. ನಿಮ್ಮ ವಿಶ್ವನಾಥ ಎಷ್ಟು ಹೊಡದಾನ, ಹೇಳು ಮುತ್ಯಾ?"

"ರನ್ ಎಣಸಲಾಕ ಅವೇನು ತೊಗರಿ ಚೀಲ ಏನೋ ತಮ್ಮಾ? ಆ ಸ್ಕ್ವೇರ್ ಕಟ್ ನೀ ನೋಡಿಲ್ಲ, ಬಿಡು."

"ನೀ ಎಲ್ಲಿ ನೋಡಿದಿ?"

ಮುತ್ಯಾ ಬಸಿಗೆ ಚಹಾ ಸುರಿದುಕೊಂಡು ಊದುತ್ತಾನೆ. ಉತ್ತರವಿಲ್ಲ. ಅವನೂ ನೋಡಿಲ್ಲ. ಕೇಳಿದ್ದಾನೆ.

ಸೇಡಂ ತಾಲ್ಲೂಕಿನ ಕೋಡ್ಲಾ ಕಡೆಯ ಚಹಾದಂಗಡಿಗಳಿಗೆ ಇಂಥ ಜಗಳ ಹೊಸದಲ್ಲ. ಈ ಸೀಮೆಯಲ್ಲಿ ಕೂತು ಮಾತಾಡಲು ಶಹಾಬಾದಿ ಪರ್ಸಿಕಲ್ಲಿಗೆ ಬರವಿಲ್ಲ. ವಾಡಿ, ಶಹಾಬಾದ, ಮಳಖೇಡ, ಸೇಡಂ ಎಲ್ಲೆಲ್ಲೂ ನೆಲದಡಿ ಸುಣ್ಣದ ಕಲ್ಲು, ನೆಲದ ಮೇಲೆ ಸಿಮೆಂಟ್ ಕಾರ್ಖಾನೆ. ಈಗ ಕೋಡ್ಲಾದ ಮಗ್ಗುಲಲ್ಲೇ ಒಂದು ಕಾರ್ಖಾನೆ ಎದ್ದಿದೆ. ಪಾಳಿ ಮುಗಿಸಿ ಬಂದವರು, ರಾಶಿ ಮುಗಿಸಿ ಕೈ ಖಾಲಿಯಾದವರು, ಕಾಲೇಜಿನ ಬಸ್ಸು ತಪ್ಪಿಸಿಕೊಂಡವರು ಸೇರಿದರೆ ಕ್ರಿಕೆಟ್ಟಿನ ಸಭೆ ಕೂಡಿತೆಂದೇ ಲೆಕ್ಕ. ತೊಗರಿ ಕೊಯ್ದ ಹೊಲವೇ ಮೈದಾನ, ತೊಗರಿಕಟ್ಟಿಗೆಯೇ ಸ್ಟಂಪು. ಆದರೆ ಆಟಕ್ಕಿಂತ ವಾದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ ಎಂಬುದನ್ನು ಆಡುವವರೇ ಒಪ್ಪುತ್ತಾರೆ.

ವಾದದ ಮೂಲ ಹುಡುಕಿದರೆ ರೇಡಿಯೊಗೆ ಹೋಗಿ ಮುಟ್ಟುತ್ತದೆ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕದಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಉರುಳಿಸಿದಾಗ, ಅದರಲ್ಲಿ 97 ರನ್ ಗುಂಡಪ್ಪ ವಿಶ್ವನಾಥರದ್ದೇ. ಅವರು ಔಟಾಗಲಿಲ್ಲ, ಜೊತೆಗಾರರು ಮುಗಿದುಹೋದರು. ಭಾರತ ಆ ಪಂದ್ಯ ಗೆದ್ದಿತು. ಚೆಪಾಕದಲ್ಲಿ ಕೂತಿದ್ದವರನ್ನು ಬಿಟ್ಟರೆ ಉಳಿದ ದೇಶಕ್ಕೆಲ್ಲ ಆ ಇನಿಂಗ್ಸ್ ಬರಿಯ ದನಿ. ಕಾಮೆಂಟ್ರಿಯೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅರ್ಥವಾದದ್ದು ಅರ್ಧ. ಉಳಿದರ್ಧವನ್ನು ಗದ್ದಲದಿಂದ ತಿಳಿದುಕೊಳ್ಳಬೇಕು: ಕೂಗು ಎದ್ದರೆ ಬೌಂಡರಿ, ಸದ್ದಡಗಿದರೆ ವಿಕೆಟ್ಟು.

ತಮಾಷೆಯೆಂದರೆ ಟೀವಿಯ ವಿಷಯದಲ್ಲಿ ಈ ಭಾಗ ಬೆಂಗಳೂರಿಗಿಂತ ಮುಂದಿತ್ತು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಿದ 'ಸೈಟ್' ಪ್ರಯೋಗದಲ್ಲಿ ಗುಲ್ಬರ್ಗಾ ಜಿಲ್ಲೆಯೂ ಇತ್ತು. 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂದಾಗ ಬೆಂಗಳೂರು ಇನ್ನೂ ಕಾಯುತ್ತಿತ್ತು. ಅಲ್ಲಿಗೆ ಬಂದದ್ದು 1981ರಲ್ಲಿ. ಹಳ್ಳಿಗಳಿಗೆಂದು ಬಂದ ಆ ಟೀವಿಯ ಮುಖ್ಯ ಕೆಲಸ ಮಾತ್ರ ಬೇಸಾಯ, ಆರೋಗ್ಯ, ಶಿಕ್ಷಣ. ಗೊಬ್ಬರ ಹಾಕುವ ಬಗೆ ಕಣ್ಣಾರೆ ಕಂಡ ಊರವರು ವಿಶ್ವನಾಥರ ಕಟ್ಟನ್ನು ಕಿವಿಯಲ್ಲೇ ಕಾಣಬೇಕಾಯಿತು.

ಹೀಗೆ ಕಾಣದ ಆಟಕ್ಕೆ ಮುಖ ಕೊಟ್ಟದ್ದು ಮುಂದಿನ ತಲೆಮಾರಿನ ಹುಡುಗರು. 1980ರ ದಶಕದ ಕೊನೆಗೆ ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳು ಬರತೊಡಗಿದ್ದವು. ಬಳಿಕ ಪೇಟೆಗೆ ಟ್ರಂಪ್ ಕಾರ್ಡುಗಳು ಬಂದವು: ಒಂದೊಂದು ಎಲೆಯ ಮೇಲೆ ಒಬ್ಬೊಬ್ಬ ಆಟಗಾರ, ಅವನ ಪಂದ್ಯ, ರನ್ನು, ಶತಕ, ವಿಕೆಟ್ಟು. ಒಬ್ಬ ಒಂದು ಕಾಲಮ್ಮು ಕೂಗಬೇಕು, ಯಾರ ಅಂಕಿ ದೊಡ್ಡದೋ ಅವನಿಗೆ ಎದುರಾಳಿಯ ಎಲೆ. ದುಡ್ಡಿದ್ದವರ ಮಕ್ಕಳು ಕೊಂಡರು. ಇಲ್ಲದವರು ಬರೆದುಕೊಂಡರು.

ಬರೆಯಲು ರಟ್ಟು ಬೇಕಲ್ಲ? ಮದುವೆಯ ಕಾರ್ಡಿಗಿಂತ ಒಳ್ಳೆಯದು ಯಾವುದು! ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ, ವರ್ಷದ ಸುಗ್ಗಿಯಲ್ಲಿ ಮನೆಗೆ ಹತ್ತಾರು. ನಾಲ್ಕು ಮೂಲೆಗೆ ಅರಿಸಿನ ಹಚ್ಚಿರುತ್ತಿದ್ದುದರಿಂದ ಕತ್ತರಿಸಿದ ಎಲೆಗಳಲ್ಲಿ ಕೆಲವಕ್ಕೆ ಹಳದಿ ಮೂಲೆ, ಕೆಲವಕ್ಕೆ ಇಲ್ಲ. ಇದರಿಂದೊಂದು ತೊಂದರೆಯೂ ಆಗುತ್ತಿತ್ತು. ಹಳದಿ ಕಂಡೊಡನೆ ಎದುರಿನವನಿಗೆ ಅದು ಕಪಿಲ್ ದೇವ್ ಎಂದು ಗೊತ್ತಾಗಿಬಿಡುತ್ತಿತ್ತು.

ಕೈಯಲ್ಲಿ ಬರೆದ ಎಲೆ ಕನ್ನಡನಾಡಿಗೆ ಹೊಸತೂ ಅಲ್ಲ. ಮೈಸೂರಿನ ಗಂಜೀಫಾ ಎಲೆಗಳ ದುಂಡು ಚಿತ್ರಗಳಲ್ಲಿ ದೇವಾನುದೇವತೆಗಳೇ ಕೂತಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟದ ಹೊಸ ಹೊಸ ಬಗೆಗಳನ್ನೇ ಕಟ್ಟಿದರು. ಆ ಚಿತ್ರಕಾರರಿಗೆ ಚಿನ್ನದ ಬಣ್ಣವಿತ್ತು, ಅರಮನೆಯಿತ್ತು. ಕೋಡ್ಲಾ ಕಡೆಯ ಚಿತ್ರಕಾರನಿಗೆ ಇದ್ದದ್ದು ನೀಲಿ ರೀಫಿಲ್ಲು, ಮತ್ತು ಪೇಪರಿನ ಆಟದ ಪುಟದಲ್ಲಿ ಮಸಿಯ ಮುದ್ದೆಯಂತೆ ಅಚ್ಚಾದ ಒಂದು ಫೋಟೊ.

ಆದ್ದರಿಂದ ಮುಖ ಹೋಲುವ ಪ್ರಶ್ನೆಯೇ ಬರುತ್ತಿರಲಿಲ್ಲ. ಎಲ್ಲರದೂ ಒಂದೇ ಮುಖ, ಗುರುತು ಮಾತ್ರ ಬೇರೆ. ಕಿರ್ಮಾನಿ ಎಲ್ಲರಿಗಿಂತ ಸುಲಭ: ಬೋಳಿಸಿದ ತಲೆ, ಅಂದರೆ ಬಳೆ ಇಟ್ಟು ಒಂದು ಸುತ್ತು ಗೀಚಿದರೆ ಮುಗಿಯಿತು. ವಿಶ್ವನಾಥರೆಂದರೆ ಮೀಸೆ. ಮೀಸೆ ಎಷ್ಟು ದಪ್ಪವೆಂದರೆ ತುಟಿ ಬರೆಯುವ ಕಷ್ಟವೇ ಇಲ್ಲ. ಶ್ರೀನಾಥ್ ಕಾರ್ಡಿನ ಉದ್ದಕ್ಕೆ ಸಾಲದೆ ಮೊಣಕಾಲಿಗೇ ನಿಂತುಬಿಡುತ್ತಿದ್ದರು. ಜಾಂಟಿ ರೋಡ್ಸ್‌ನನ್ನು ನೋಡಲು ಕಾರ್ಡು ಅಡ್ಡ ಹಿಡಿಯಬೇಕು. ರಣತುಂಗನ ಹೊಟ್ಟೆ ರನ್ನಿನ ಕಾಲಮ್ಮಿಗೆ ತಾಗುತ್ತಿತ್ತು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು, ಬ್ರಯಾನ್ ಲಾರಾನ ವಿಕೆಟ್ ಕಿತ್ತ ಕುಂಬ್ಳೆಯನ್ನು ಬರೆದರೆ ಹಲ್ಲುನೋವಿನ ಔಷಧದ ಜಾಹೀರಾತಿನಂತೆ ಕಾಣುತ್ತಿತ್ತು. "ಇಂವ ಯಾರಪಾ, ಕುಂಬ್ಳೆ ಏನು ಹಲ್ಲ ಕೀಳಿಸಿಕೊಂಡಾಂವ?" ಎಂದು ನಕ್ಕವನೂ ಆ ಎಲೆಯನ್ನು ಬಿಟ್ಟುಕೊಡಲೊಪ್ಪುತ್ತಿರಲಿಲ್ಲ.

ನಗು ಮುಗಿದ ಮೇಲೆ ಜಗಳ. ಅಚ್ಚಿನ ಕಾರ್ಡಿನ ಕಾಲಮ್ಮು ಕಂಪನಿಯವರದು. ಬರೆದ ಕಾರ್ಡಿನ ಕಾಲಮ್ಮು ಬರೆದವನದು. ಗವಾಸ್ಕರ್: 125 ಟೆಸ್ಟ್, 10,122 ರನ್, 34 ಶತಕ. ವಿಶ್ವನಾಥ್: 91 ಟೆಸ್ಟ್, 6,080 ರನ್, 14 ಶತಕ. ಯಾವ ಕಾಲಮ್ಮು ಕೂಗಿದರೂ ವಿಶ್ವನಾಥರ ಎಲೆ ಹೋಗಲೇಬೇಕು. ಆಗ ಪಟ್ಟು ಹಿಡಿದವನೊಬ್ಬ ಕೆಳಗೆ ಇನ್ನೊಂದು ಗೆರೆ ಎಳೆದು 'ಕಟ್: 100ಕ್ಕೆ 100' ಎಂದು ಬರೆದರೆ ಎದುರಿನವನು ಸುಮ್ಮನಿರುತ್ತಾನೆಯೇ? ಮೋಸವೆಂದು ಎದ್ದು ಹೋಗುತ್ತಾನೆ. ಭಾವ-ಮೈದುನರ ಹೆಸರಿನಲ್ಲಿ ಇಲ್ಲಿ ಗೆಳೆಯರು ಮಾತು ಬಿಡುತ್ತಾರೆ. (ವಿಶ್ವನಾಥರ ಮನೆಯಾಕೆ ಗವಾಸ್ಕರ್ ಅವರ ತಂಗಿ. ಅವರಿಬ್ಬರು ಹೀಗೆ ಕಾದಾಡಿದ ವರದಿಯಿಲ್ಲ.)

ಆದರೆ ಆ ಹೆಚ್ಚುವರಿ ಗೆರೆ ಮೋಸವೇ? 1980ರ ಫೆಬ್ರುವರಿಯಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಿದ್ದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ನಾಯಕ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಬಾಥಂ ಜೊತೆ ಬೇರೂರಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಕೆಲವರ ಪ್ರಕಾರ ಅದು ನಾಯಕನ ದಡ್ಡತನ. ಮುತ್ಯಾನ ಪಕ್ಷಕ್ಕೆ ಅದೇ 35ನೆಯ ಶತಕ.

ಅಂಕಿಯೋ ಆಟವೋ ಎಂಬ ಈ ಜಗಳ ಅಮೆರಿಕದವರಿಗೂ ಬಿಟ್ಟಿಲ್ಲ. ಅವರ ಫುಟ್‌ಬಾಲಿನಲ್ಲಿ ಚೆಂಡನ್ನು ಯಾರಿಗೆ, ಯಾವಾಗ ಎಸೆಯಬೇಕೆಂದು ಗಳಿಗೆಯಲ್ಲಿ ತೀರ್ಮಾನಿಸುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಡ್ಯಾನ್ ಮರೀನೊ 17 ವರ್ಷ ಆಡಿ 61,361 ಗಜ ಎಸೆದ; ಒಂದೂ ಸೂಪರ್ ಬೌಲ್ ಗೆಲ್ಲಲಿಲ್ಲ. ಜೋ ಮೊಂಟಾನ ಎಸೆದದ್ದು ಅವನಿಗಿಂತ ಕಡಿಮೆ, ಗೆದ್ದದ್ದು ನಾಲ್ಕು. ಯಾರು ದೊಡ್ಡವ? ಅಲ್ಲಿಯ ಅಭಿಮಾನಿಗಳು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಕೋಡ್ಲಾದ ಪರ್ಸಿಕಲ್ಲಿನ ಮೇಲೆ ಅವರನ್ನು ಕೂರಿಸಿದರೆ ಭಾಷೆ ಬಾರದಿದ್ದರೂ ವಿಷಯ ತಿಳಿದೀತು.

ಈ ಎಲ್ಲ ವಾದಗಳ ನಡುವೆ ಒಂದು ದಿನ ಮಾತ್ರ ಬೇರೆ. 1983ರ ಜೂನ್ 18. ಟನ್‌ಬ್ರಿಜ್ ವೆಲ್ಸ್ ಎಂಬ ಇಂಗ್ಲೆಂಡಿನ ಊರು, ವಿಶ್ವಕಪ್ ಪಂದ್ಯ, ಎದುರಾಳಿ ಜಿಂಬಾಬ್ವೆ. ಭಾರತ 17 ರನ್ನಿಗೆ 5 ವಿಕೆಟ್. ಕಪಿಲ್ ದೇವ್ ಜೊತೆ ಬೆಂಗಳೂರಿನ ರೋಜರ್ ಬಿನ್ನಿ ನಿಂತು 77ಕ್ಕೆ ತಂದರು. 140ಕ್ಕೆ ಎಂಟು ಬಿದ್ದ ಮೇಲೆ ಕಿರ್ಮಾನಿ ಬಂದರು. ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್. ಕಪಿಲ್ 175, ಕಿರ್ಮಾನಿ 24, ಇಬ್ಬರೂ ಔಟಿಲ್ಲ. ಆ ಇನಿಂಗ್ಸಿನ ಟೀವಿ ಚಿತ್ರಣ ಇಲ್ಲ. ಮೈದಾನದಲ್ಲಿದ್ದ ಕೆಲವು ಸಾವಿರ ಮಂದಿಯನ್ನು ಬಿಟ್ಟರೆ ಲಂಡನ್ನಿನವನಾಗಲಿ ಮುಂಬಯಿಯವನಾಗಲಿ ಅದನ್ನು ಕಂಡವರಲ್ಲ, ಇನ್ನು ಕಾಣುವಂತೆಯೂ ಇಲ್ಲ. ಆ ಒಂದು ಆಟದ ಮಟ್ಟಿಗೆ ಇಡೀ ಜಗತ್ತೇ ಕೋಡ್ಲಾದ ಮುತ್ಯಾನ ಸಾಲಿನಲ್ಲಿ ಕೂತಿದೆ. 2021ರಲ್ಲಿ '83' ಎಂಬ ಹಿಂದಿ ಸಿನಿಮಾ ಬಂದಾಗ ಅದರವರೂ ಆ ಹೊಡೆತಗಳನ್ನು ಊಹಿಸಿಯೇ ಆಡಿಸಬೇಕಾಯಿತು. ಅಲ್ಲಿಯ ಕಿರ್ಮಾನಿಯ ತಲೆಯೂ ಬಳೆ ಇಟ್ಟು ಗೀಚಿದ್ದೇ, ಖರ್ಚು ಮಾತ್ರ ಜಾಸ್ತಿ.

ಈಗಿನ ವಾದಕ್ಕೆ ಆಯುಷ್ಯ ಕಡಿಮೆ. ದ್ರಾವಿಡ್ ದೊಡ್ಡವನೋ ಸಚಿನ್ ದೊಡ್ಡವನೋ ಎಂದು ಶುರುವಾಗುವ ಹೊತ್ತಿಗೆ ಯಾರೋ ಮೊಬೈಲು ತೆಗೆದು 13,288, 15,921 ಎಂದು ಓದಿಬಿಡುತ್ತಾರೆ. ಮಾತು ಅಲ್ಲಿಗೇ ಸತ್ತಿತು. ದ್ರಾವಿಡ್ ಟೆಸ್ಟುಗಳಲ್ಲಿ 31,258 ಎಸೆತ ಎದುರಿಸಿದ್ದಾರೆ, ಅಷ್ಟು ಎದುರಿಸಿದವರು ಮತ್ತೊಬ್ಬರಿಲ್ಲ ಎಂಬುದೂ ಅದೇ ಮೊಬೈಲಿನಲ್ಲಿದೆ. ಆದರೆ ಆ ಕಾಲಮ್ಮನ್ನು ಕೂಗಬೇಕೆಂದು ತಿಳಿದವನು ಒಬ್ಬ ಇರಬೇಕಲ್ಲ. ಹಾಗೆಯೇ 1996ರ ಅಕ್ಟೋಬರಿನ ಬೆಂಗಳೂರು: ಆಸ್ಟ್ರೇಲಿಯದ ಎದುರು ಸಚಿನ್ ಸೇರಿ ಎಂಟು ಮಂದಿ ಹೋದ ಮೇಲೆ ಶ್ರೀನಾಥ್ ಮತ್ತು ಕುಂಬ್ಳೆ 52 ರನ್ ಕೂಡಿಸಿ ಗೆಲ್ಲಿಸಿದರು. ಟ್ರಂಪ್ ಕಾರ್ಡಿನಲ್ಲಿ ಅವರಿಬ್ಬರ ಬ್ಯಾಟಿಂಗ್ ಕಾಲಮ್ಮು ಕೂಗಿದವನು ಹುಚ್ಚನೇ ಸರಿ. ಆ ರಾತ್ರಿಯ ಮಾತು ತೆಗೆದರೆ ಇಂದಿಗೂ ಚಹಾ ಎರಡು ಸಲ ಬರುತ್ತದೆ.

2022ರಲ್ಲಿ ಮಹಾರಾಜ ಟ್ರೋಫಿಯ ಮೊದಲ ವರ್ಷವೇ ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗಾ ಮಿಸ್ಟಿಕ್ಸ್ ಗೆದ್ದಿತು. ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಹೆಸರು ಈ ಜಿಲ್ಲೆಯದು, ಆಟ ದೂರದ್ದು. ಅದಕ್ಕೆ ಈ ಕಡೆಯವರು ಬೇಸರಪಟ್ಟುಕೊಂಡರೆ ತಪ್ಪೆನ್ನಲಾಗದು. ಆದರೂ ದೂರದ ಆಟವನ್ನು ಹತ್ತಿರ ಮಾಡಿಕೊಳ್ಳುವ ವಿದ್ಯೆ ಇವರಿಗೆ ಹಳೆಯದು.

ಅದೇ 2022ರ ಆಗಸ್ಟಿನಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು, ಹತ್ತಿರ ಹತ್ತಿರ ನೂರು ಕೋಟಿ ರೂಪಾಯಿ. ಮೂಲೆ ಮುಕ್ಕಾಗದೆ ಉಳಿದದ್ದಕ್ಕೆ ಆ ಬೆಲೆ. ಕೋಡ್ಲಾ ಕಡೆಯ ಕಾರ್ಡುಗಳ ಮೂಲೆ ಮೊದಲೇ ಹಳದಿ. ಬಹಳಷ್ಟು ಒಲೆಗೆ ಹೋದವು, ಉಳಿದದ್ದಕ್ಕೆ ಗೆದ್ದಲು. ಹಳೆಯ ಪುಸ್ತಕದ ನಡುವೆ ಎಲ್ಲೋ ಒಂದು ಸಿಕ್ಕರೆ, ಈಚೆ ಬದಿ ದಪ್ಪ ಮೀಸೆ, 6,080 ರನ್, ಕಟ್ಟಿಗೆ ನೂರಕ್ಕೆ ನೂರು. ಆಚೆ ಬದಿ ಅರ್ಧ ಕತ್ತರಿಸಿದ ಅಚ್ಚು: 'ಸುಖಾಗಮನವನ್ನು ಬಯಸುವ...'