ಹೊಸ ಬ್ರಷ್ ಕಟರ್ ನಡುಗ್ತಿದೆಯಾ? ಸ್ಪ್ಯಾನರ್‌ಗಿಂತ ಮೊದಲು ಮೊಬೈಲ್ ಹಿಡೀರಿ

ನಮ್ಮ ಮನೆ ಕುಮಾರಸ್ವಾಮಿ ಲೇಔಟ್‌ನಲ್ಲಿ, ತೋಟ ಹಾರೋಹಳ್ಳಿ ಕಡೆ. ಕಳೆನಾಶಕ ಹೊಡೆಯೋದಿಲ್ಲ, ಹಾಗಾಗಿ ಬ್ರಷ್ ಕಟರ್ ಬೇಕೇ ಬೇಕು. ಹೋದ ಮಳೆಗಾಲದಲ್ಲಿ ಹೊಸದು ತಗೊಂಡೆ. ಅಂಗಡಿಯಲ್ಲಿ ಸ್ಟಾರ್ಟ್ ಮಾಡಿ ನೋಡಲಿಲ್ಲ. ತೋಟಕ್ಕೆ ತಂದ್ರೆ, ಆಕ್ಸಿಲರೇಟರ್ ಬಿಟ್ಟರೂ ಬ್ಲೇಡ್ ತಿರುಗ್ತಾನೇ ಇತ್ತು, ಕೈ ಜುಮ್ಮೆನ್ನುವಷ್ಟು ನಡುಕ ಬೇರೆ. ಆತುರಪಟ್ಟು ನಾನೇ ಬಿಚ್ಚಿದೆ. ‘ನೀವೇ ಬಿಚ್ಚಿದ್ದೀರಲ್ಲ ಸಾರ್, ವಾರಂಟಿ ಬರಲ್ಲ’ ಅಂದ್ರು ಅಂಗಡಿಯವರು. ರಿಪೇರಿ ದುಡ್ಡು ನನ್ನ ಜೇಬಿಂದಲೇ ಹೋಯ್ತು. ನೀವು ಹೀಗೆ ಮಾಡ್ಬೇಡಿ.

ಮೊದಲು ತಪ್ಪು ಯಾರದು ಅಂತ ನೋಡಿ. ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತ ಮೇಲೇ ಬ್ಲೇಡ್ ಮುಟ್ಟಿ. ಬ್ಲೇಡ್ ಸರಿಯಾಗಿ ಕೂತಿದೆಯಾ ನೋಡಿ. ಹೆಚ್ಚಿನ ಮಷಿನ್‌ಗಳಲ್ಲಿ ಬ್ಲೇಡ್ ನಟ್ ಉಲ್ಟಾ ತಿರುಪು, ಎಡಕ್ಕೆ ತಿರುಗಿಸಿದ್ರೆ ಬಿಗಿಯಾಗುತ್ತೆ. ಬ್ಲೇಡ್ ತೆಗೆದು ನೈಲಾನ್ ದಾರದ ಹೆಡ್ ಹಾಕಿ ಓಡಿಸಿ. ನಡುಕ ನಿಂತ್ರೆ ದೋಷ ಬ್ಲೇಡ್‌ದು ಅಥವಾ ಜೋಡಣೆದು. ನಿಲ್ಲದಿದ್ರೆ ಶಾಫ್ಟ್ ಅಥವಾ ಕ್ಲಚ್ ಮೇಲೆ ಅನುಮಾನ. ಐಡಲ್‌ನಲ್ಲೂ ಬ್ಲೇಡ್ ತಿರುಗಿದ್ರೆ ಐಡಲ್ ವೇಗ ಜಾಸ್ತಿ ಇರಬಹುದು, ಇಲ್ಲವೇ ಕ್ಲಚ್ ಸ್ಪ್ರಿಂಗ್ ಹೋಗಿರಬಹುದು. ಅಂಥ ಮಷಿನ್‌ನಲ್ಲಿ ಕೆಲಸ ಮಾಡಲೇಬೇಡಿ, ಕಾಲಿಗೇ ಕುತ್ತು. ಟೂ ಸ್ಟ್ರೋಕ್ ಆದ್ರೆ ಆಯಿಲ್ ಅಳತೆ ಮ್ಯಾನುಯಲ್‌ನಲ್ಲಿ ಇದ್ದಂತೆಯೇ ಇರಲಿ: 1:50 ಅಂದ್ರೆ ಲೀಟರ್ ಪೆಟ್ರೋಲಿಗೆ 20 ಎಂಎಲ್, 1:25 ಅಂದ್ರೆ 40 ಎಂಎಲ್. ಆಯಿಲ್ ಕಡಿಮೆಯಾಗಿ ಪಿಸ್ಟನ್ ಹಿಡಿದ್ರೆ ಅದು ನಮ್ಮ ತಪ್ಪು.

ಇಷ್ಟಾದ ಮೇಲೂ ದೋಷ ಉಳಿದ್ರೆ ಒಳಗೆ ಕೈ ಹಾಕ್ಬೇಡಿ. ಸೀರಿಯಲ್ ನಂಬರ್, ಜಿಎಸ್‌ಟಿ ಬಿಲ್, ಸ್ಟಾಂಪ್ ಹಾಕಿದ ವಾರಂಟಿ ಕಾರ್ಡ್ ಫೋಟೋ ತೆಗೀರಿ. ದೋಷ ಕಾಣೋ ಹಾಗೆ, ದೂರ ನಿಂತು ವಿಡಿಯೋ ಮಾಡಿಸಿ. ಎಲ್ಲವನ್ನೂ ಅಂಗಡಿಯವರ ವಾಟ್ಸಾಪ್‌ಗೆ, ಕಂಪನಿ ಇಮೇಲ್‌ಗೆ ಅದೇ ದಿನ ಕಳಿಸಿ. ಬಾಯಿಮಾತು ಸಾಕ್ಷಿಯಾಗಲ್ಲ.

ಸ್ಪಂದಿಸದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಷಿನ್ ಕೊಂಡವರೂ ಗ್ರಾಹಕರೇ. ಎರಡು ವರ್ಷದೊಳಗೆ, ನೀವು ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ.

ಇದೆಲ್ಲಕ್ಕಿಂತ ಸುಲಭದ್ದು ಒಂದಿದೆ: ಕೊಳ್ಳೋ ದಿನ ಅರ್ಧ ಗಂಟೆ ಜಾಸ್ತಿ ನಿಂತು, ಅಂಗಡಿ ಮುಂದೆಯೇ ಸ್ಟಾರ್ಟ್ ಮಾಡಿಸಿ, ಐಡಲ್‌ನಲ್ಲಿ ಬ್ಲೇಡ್ ನಿಲ್ಲುತ್ತಾ ನೋಡಿ. ಆಮೇಲೆ ದುಡ್ಡು ಕೊಡಿ.