ಔಷಧದೊಡನೆ ಅನ್ನ

ಕ್ಯಾನ್ಸರ್ ಎಂಬ ವ್ಯಾಧಿ ಬಡವರ ಮನೆಯನ್ನು ಹೊಕ್ಕಾಗ ಮೊದಲು ಕೇಳಿಬರುವುದು ಔಷಧದ ಖರ್ಚಿನ ಮಾತು. ಅನ್ನದ ಖರ್ಚಿನ ಮಾತು ಬಹುಕಾಲ ಯಾರ ಬಾಯಿಂದಲೂ ಹೊರಡುವುದಿಲ್ಲ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಸಂಸ್ಥೆಗಳ ದೆಸೆಯಿಂದಲೂ, 2018ರಲ್ಲಿ ಮೊದಲಾದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒದಗಿಸುವ ಚಿಕಿತ್ಸಾವೆಚ್ಚದ ದೆಸೆಯಿಂದಲೂ ಶಸ್ತ್ರಕ್ರಿಯೆ, ಕಿರಣಚಿಕಿತ್ಸೆ, ಕೀಮೋಥೆರಪಿ ಇವು ಇಂದು ಅನೇಕ ಬಡವರಿಗೆ ಎಟುಕುವಂತಾಗಿರುವುದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಆಸ್ಪತ್ರೆಯ ಹಾಸಿಗೆಯನ್ನು ಬಿಟ್ಟು ಹೊರಗೆ ಬಂದ ರೋಗಿಗೆ, ಆ ಉಗ್ರವಾದ ಔಷಧಗಳನ್ನು ತಾಳಿಕೊಳ್ಳುವುದಕ್ಕೆ ನಿತ್ಯವೂ ಬೇಕಾದ ಹಾಲು, ಮೊಟ್ಟೆ, ಬೇಳೆಗಳ ಹೊಣೆ ಮಾತ್ರ ಕೂಲಿಯನ್ನು ಕಳೆದುಕೊಂಡು ಕುಳಿತ ಮನೆಯವರ ತಲೆಯ ಮೇಲೆಯೇ ಉಳಿಯುತ್ತದೆ.

ಈ ವ್ಯಾಧಿಯ ಕ್ರೌರ್ಯ ಗಡ್ಡೆಯಿದ್ದ ಸ್ಥಳಕ್ಕೇ ಸೀಮಿತವಾದುದಲ್ಲ. ಅದು ದೇಹದ ಪಚನ, ಪೋಷಣ ವ್ಯಾಪಾರಗಳನ್ನೇ ವ್ಯತ್ಯಸ್ತಗೊಳಿಸಿ, ಹಸಿವನ್ನು ಅಡಗಿಸಿ, ಉಂಡ ಅನ್ನ ಮೈಗೆ ಹತ್ತದಂತೆ ಮಾಡಿ, ಸ್ನಾಯುಗಳನ್ನು ಕರಗಿಸುತ್ತದೆ. ಚಿಕಿತ್ಸೆಯೂ ತನ್ನ ಪಾಲಿನ ಕ್ಲೇಶವನ್ನು ಇದಕ್ಕೆ ಸೇರಿಸುತ್ತದೆ: ಔಷಧದಿಂದ ವಾಕರಿಕೆ, ಅರುಚಿ, ಕಿರಣದಿಂದ ಬಾಯಿ ಗಂಟಲುಗಳಲ್ಲಿ ಹುಣ್ಣು. ಹೊಗೆಸೊಪ್ಪಿನ ಚಟದಿಂದ ಬಾಯಿಯ ಕ್ಯಾನ್ಸರಿಗೆ ತುತ್ತಾದ ಎಷ್ಟೋ ಮಂದಿಗೆ ಮೂಗಿನ ನಳಿಕೆಯ ಮೂಲಕವೇ ದ್ರವಾಹಾರವನ್ನು ಕೊಡಬೇಕಾಗುವುದುಂಟು. ಹೀಗೆ ಕೃಶವಾದ ದೇಹದಲ್ಲಿ ಶಸ್ತ್ರಕ್ರಿಯೆಯ ಗಾಯ ಬೇಗ ಮಾಯುವುದಿಲ್ಲ. ಸೋಂಕು ಸುಲಭವಾಗಿ ನೆಲೆಯೂರುತ್ತದೆ. ವೈದ್ಯರು ಮುಂದಿನ ಸರದಿಯ ಔಷಧವನ್ನು ಮುಂದೂಡುವುದೋ, ಅದರ ಪ್ರಮಾಣವನ್ನು ತಗ್ಗಿಸುವುದೋ ಅನಿವಾರ್ಯವಾಗುತ್ತದೆ. ಮಧ್ಯ ಅಮೆರಿಕದ ಬಡ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳನ್ನು ಕುರಿತು ನಡೆದ ಅಧ್ಯಯನಗಳು, ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಹೆಚ್ಚೆಂಬುದನ್ನೂ, ಮೊದಲ ಕೆಲವು ತಿಂಗಳುಗಳಲ್ಲಿ ಅವರ ಪೋಷಣೆಯನ್ನು ಸರಿಪಡಿಸಿದರೆ ಗುಣವಾಗುವ ಸಂಭವ ಹೆಚ್ಚುವುದೆಂಬುದನ್ನೂ ತೋರಿಸಿಕೊಟ್ಟಿವೆ. ಆದಕಾರಣ ರೋಗಿಗೆ ಕೊಡುವ ಅನ್ನವನ್ನು ಚಿಕಿತ್ಸೆಯ ಹೊರಗಿನ ದಾನವೆಂದು ತಿಳಿಯದೆ, ಚಿಕಿತ್ಸೆಯ ಅಂಗವೆಂದೇ ಎಣಿಸತಕ್ಕುದು.

ಬಡವರ ಪಾಡು ಹೇಗಿರುವುದೆಂಬುದನ್ನು ನೋಡೋಣ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಕಿರಣಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನಗಳಂತೆ ಆರೇಳು ವಾರಗಳವರೆಗೆ ನಡೆಸಬೇಕಾಗುತ್ತದೆ. ರಾಯಚೂರು, ಕೊಪ್ಪಳಗಳ ಕಡೆಯಿಂದ ಬೆಂಗಳೂರಿಗೆ ಬಂದ ಕುಟುಂಬ ಅಷ್ಟು ಕಾಲವೂ ಪರಸ್ಥಳದಲ್ಲಿಯೇ ಕಾಲ ಕಳೆಯಬೇಕು. ರೋಗಿಯ ಕೂಲಿ ನಿಂತಿರುತ್ತದೆ. ಜೊತೆಗೆ ಬಂದವರ ಕೂಲಿಯೂ ನಿಂತಿರುತ್ತದೆ. ಪಡಿತರದ ಅಕ್ಕಿ ಊರಿನಲ್ಲಿ ಉಳಿದಿರುತ್ತದೆ. ಇಲ್ಲಿ ಒಲೆ ಹಚ್ಚುವುದಕ್ಕೆ ಸ್ಥಳವಿರುವುದಿಲ್ಲ. ರೋಗಿ ತಾಯಿಯಾಗಿದ್ದರೆ, ಯಾರೋ ಪುಣ್ಯಾತ್ಮರು ಆಕೆಗೆಂದು ಕೊಟ್ಟ ಹಾಲು ಆಕೆಯ ಮಕ್ಕಳ ಲೋಟವನ್ನು ಸೇರುತ್ತದೆ. ಅದನ್ನು ತಪ್ಪೆನ್ನುವ ಎದೆ ಯಾರಿಗಿದ್ದೀತು? ಇದರ ಮೇಲೆ, ಗಾಯವಿರುವಾಗ ಮೊಟ್ಟೆ ನಂಜು, ಬೇಳೆ ನಂಜು ಎಂಬ ಬಂಧುಗಳ ಹಿತವಚನ ಬೇರೆ. ಹೀಗೆ ಪ್ರೋಟೀನು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಅದು ತಟ್ಟೆಯಿಂದ ಮರೆಯಾಗುತ್ತದೆ.

ಆದರೆ ಬೇಕಾದುದು ಅಸಾಧ್ಯವಾದ ಭೋಜನವೇನೂ ಅಲ್ಲ. ಕ್ಯಾನ್ಸರ್ ರೋಗಿಯ ದೇಹತೂಕದ ಪ್ರತಿಯೊಂದು ಕಿಲೋಗ್ರಾಂಗೂ ದಿನಕ್ಕೆ 25ರಿಂದ 30 ಕ್ಯಾಲೊರಿ ಶಕ್ತಿಯೂ, 1ರಿಂದ 1.5 ಗ್ರಾಂ ಪ್ರೋಟೀನೂ ಬೇಕೆಂಬುದು ಆಹಾರತಜ್ಞರ ಸಾಮಾನ್ಯ ಮಾನ. ಎಂದರೆ 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 75 ಗ್ರಾಂ ಪ್ರೋಟೀನು ಸಲ್ಲಬೇಕು. ಅರ್ಧ ಲೀಟರು ಹಾಲಿನಲ್ಲಿ ಸುಮಾರು 16, ಎರಡು ಮೊಟ್ಟೆಗಳಲ್ಲಿ 12, 50 ಗ್ರಾಂ ತೊಗರಿಬೇಳೆಯಲ್ಲಿ 11, ಅಷ್ಟೇ ಶೇಂಗಾದಲ್ಲಿ 12 ಗ್ರಾಂ ಪ್ರೋಟೀನಿರುವುದರಿಂದ, ರಾಗಿ ಅಕ್ಕಿಗಳ ಪಾಲೂ ಸೇರಿದರೆ ಲೆಕ್ಕ ತುಂಬಿಬರುತ್ತದೆ. ಬಾಯಿ ಹುಣ್ಣಾದವರಿಗೆ ಖಾರ ಹುಳಿಗಳಿಲ್ಲದ ಹೆಸರುಬೇಳೆಯ ಗಂಜಿ, ಹಾಲು ಬೆರೆಸಿ ಆರಿಸಿದ ರಾಗಿಹಿಟ್ಟಿನ ಗಂಜಿ, ನುಣ್ಣಗೆ ಪುಡಿಮಾಡಿದ ಹುರಿಗಡಲೆಯ ಪಾನಕ, ಇವನ್ನು ಸ್ವಲ್ಪಸ್ವಲ್ಪವಾಗಿ ದಿನದಲ್ಲಿ ಆರೇಳು ಸಲ ಕೊಡಬಹುದು. ರಕ್ತದ ಬಿಳಿಕಣಗಳು ಕುಗ್ಗಿರುವ ದಿನಗಳಲ್ಲಿ ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು, ಕಾಯಿಸದ ನೀರು, ಅರೆಬೆಂದ ಮೊಟ್ಟೆ ಇವು ವರ್ಜ್ಯ. ಸಾಲ ಮಾಡಿಯಾದರೂ ದುಬಾರಿ ಪ್ರೋಟೀನು ಪುಡಿಯ ಡಬ್ಬವನ್ನು ಕೊಳ್ಳಲೇಬೇಕೆಂಬ ಭ್ರಮೆಯಿಂದ ಕುಟುಂಬಗಳನ್ನು ಬಿಡಿಸುವುದೂ ಒಂದು ಉಪಕಾರವೇ. ಯಾರಿಗೆ ಯಾವುದು, ಎಷ್ಟು ಸಲ್ಲುವುದೆಂಬುದನ್ನು ಆಸ್ಪತ್ರೆಯ ಆಹಾರತಜ್ಞರೇ ನಿರ್ಣಯಿಸಬೇಕು; ಮಧುಮೇಹ, ಮೂತ್ರಪಿಂಡದ ದೋಷಗಳುಳ್ಳವರ ಆಹಾರಕ್ರಮ ಬೇರೆ.

ಅನ್ನವನ್ನು ಚಿಕಿತ್ಸೆಯೊಡನೆ ಕೂಡಿಸುವ ಕಾರ್ಯ ನಮ್ಮ ದೇಶದಲ್ಲಿ ಈಗಾಗಲೇ ನಡೆಯುತ್ತಲಿದೆ. ಮುಂಬಯಿಯಲ್ಲಿ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಕೇಂದ್ರಗಳು ಕ್ಯಾನ್ಸರ್ ಪೀಡಿತ ಮಕ್ಕಳಿಗೂ ತಂದೆತಾಯಿಗಳಿಗೂ ವಸತಿಯನ್ನಿತ್ತು, ದಿನಸಿಯನ್ನೊದಗಿಸಿ, ಅವರೇ ಅಡಿಗೆ ಮಾಡಿಕೊಳ್ಳಲು ಅನುಕೂಲ ಕಲ್ಪಿಸುತ್ತವೆ. ಕಡಲ್ಸ್ ಫೌಂಡೇಶನ್ ಎಂಬ ಸಂಸ್ಥೆ ಇಂತಹ ಮಕ್ಕಳಿಗಾಗಿ ಆಸ್ಪತ್ರೆಗಳಲ್ಲಿ ಆಹಾರತಜ್ಞರನ್ನೇ ನಿಯಮಿಸುತ್ತದೆ. ಕ್ಷಯರೋಗದ ವಿಷಯದಲ್ಲಿಯಂತೂ ಸರ್ಕಾರವೇ ಈ ತತ್ತ್ವವನ್ನು ಅಂಗೀಕರಿಸಿದೆ: ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ಪ್ರತಿ ರೋಗಿಗೂ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಗಳನ್ನು ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಲಾಯಿತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ರೋಗಿಯೊಡನೆ ಮನೆಮಂದಿಗೂ ಆಹಾರಧಾನ್ಯವನ್ನು ಕೊಡಲಾಗಿ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇಕಡಾ 40ರಷ್ಟು ತಗ್ಗಿತು. ಆರಂಭದಲ್ಲಿಯೇ ತೂಕ ಪಡೆದ ರೋಗಿಗಳಲ್ಲಿ ಮರಣವೂ ಗಣನೀಯವಾಗಿ ಕಡಿಮೆಯಾಯಿತು. ಕ್ಯಾನ್ಸರ್ ಬೇರೆ ಬಗೆಯ ರೋಗವೆಂಬುದು ನಿಜ. ಆದರೆ ಹಸಿದ ದೇಹದಲ್ಲಿ ಔಷಧ ಪೂರ್ಣಫಲವನ್ನು ಕೊಡಲಾರದೆಂಬ ಮಾತು ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ.

ನಮ್ಮಲ್ಲಿ ಜನ್ಮದಿನ, ಜಯಂತಿಗಳಂದು ಆಸ್ಪತ್ರೆಗಳಲ್ಲಿ ಹಣ್ಣುಹಂಪಲು ಹಂಚುವ ಪದ್ಧತಿಯುಂಟು. ಅದರ ಹಿಂದಿರುವ ಕರುಣೆ ವಂದ್ಯವಾದುದು. ಆ ಕರುಣೆಗೆ ಈಗ ಕ್ರಮವೂ ಕಾಲಾವಧಿಯೂ ಕೂಡಿಬರಬೇಕು. ಒಂದು ದಿನ ನೂರು ಜನರಿಗೆ ಒಂದೊಂದು ಸೇಬು ಕೊಡುವ ಹಣದಲ್ಲಿ, ಆಸ್ಪತ್ರೆಯ ಸಮಾಜಕಾರ್ಯಕರ್ತರು ಗುರುತಿಸಿದ ಒಂದು ಕುಟುಂಬಕ್ಕೆ ಹಲವು ದಿನಗಳ ಹಾಲು, ಮೊಟ್ಟೆ, ಬೇಳೆ, ಎಣ್ಣೆ, ಶೇಂಗಾಗಳನ್ನು ಒದಗಿಸಬಹುದು. ನಾಲ್ಕಾರು ಮನೆಯವರು ಕೂಡಿಕೊಂಡರೆ ಚಿಕಿತ್ಸೆ ಮುಗಿಯುವವರೆಗೂ ಅದನ್ನು ನಡೆಸಬಹುದು. ಕೊಡುವಾಗ ಜೊತೆಗಿರುವವರ ಪಾಲನ್ನೂ ಸೇರಿಸಿಯೇ ಕೊಡಬೇಕು, ಇಲ್ಲವಾದರೆ ರೋಗಿಯ ಪಾಲು ರೋಗಿಗೆ ಉಳಿಯದು. ಆಸ್ಪತ್ರೆಗಳ ಸಮೀಪದಲ್ಲಿ ಒಲೆಯುಳ್ಳ ಧರ್ಮಶಾಲೆಗಳನ್ನು ಹೆಚ್ಚಿಸುವುದು ಮಠಗಳಿಗೂ ಸಂಘಗಳಿಗೂ ಒಪ್ಪುವ ಕೆಲಸ. ಕ್ಷಯರೋಗಿಗೆ ಸಲ್ಲುವ ಪೋಷಣವೇತನವನ್ನು ಕ್ಯಾನ್ಸರ್ ರೋಗಿಗೂ ವಿಸ್ತರಿಸುವುದು ಸರ್ಕಾರ ಮಾಡಬೇಕಾದ ಕೆಲಸ. ಲಕ್ಷಗಟ್ಟಲೆ ರೂಪಾಯಿಗಳನ್ನು ವ್ಯಯಮಾಡಿ ಕೊಡುವ ಚಿಕಿತ್ಸೆ ಕೆಲವು ಸಾವಿರ ರೂಪಾಯಿಗಳ ಅನ್ನವಿಲ್ಲದೆ ನಿಷ್ಫಲವಾಗುವುದನ್ನು ಯಾವ ಸಮಾಜವೂ ಸಹಿಸಕೂಡದು. ಅದನ್ನು ತಡೆಯುವ ಶಕ್ತಿ ನಮ್ಮೆಲ್ಲರಿಗೂ ಉಂಟು.